ನಲ್ಲಿಗಳ ಸಾಲಿನ ಮುಂದೆ: ಪೋಲೆಂಡಿನ ಕ್ರಾಫ್ಟ್ ಬಿಯರ್ ಬಾರುಗಳು

ವಾರ್ಸಾ, ಕ್ರಾಕೋವ್, ವ್ರೊತ್ಸ್ವಾಫ್, ಪೊಜ್ನಾನ್, ಹೀಗೆ ಪೋಲೆಂಡಿನ ಯಾವ ದೊಡ್ಡ ಊರಿಗೆ ಹೋದರೂ ಒಂದು ಬಗೆಯ ಬಾರು ಕಣ್ಣಿಗೆ ಬೀಳುತ್ತದೆ. ಕೌಂಟರಿನ ಹಿಂದಿನ ಗೋಡೆಯಲ್ಲಿ ಸಾಲಾಗಿ ಹತ್ತು, ಹದಿನೈದು, ಕೆಲವೆಡೆ ಇಪ್ಪತ್ತು ದಾಟುವ ನಲ್ಲಿಗಳು. ಅವುಗಳ ಮೇಲೆ ಪರದೆಯಲ್ಲೋ ಕರಿಹಲಗೆಯಲ್ಲೋ ಇಂದು ಯಾವ ನಲ್ಲಿಯಲ್ಲಿ ಯಾವ ಬಿಯರ್ ಇದೆ ಎಂಬ ಪಟ್ಟಿ. ಇಂಥ ಬಾರನ್ನು ಪೋಲಿಷರು ‘ವ್ಯೆಲೊಕ್ರಾನ್’ ಎನ್ನುತ್ತಾರೆ, ಬಹುನಲ್ಲಿಯ ಜಾಗ ಎಂದು ಅರ್ಥ. ‘ಮಲ್ಟಿಟ್ಯಾಪ್’ ಎಂಬ ಹೆಸರೂ ಅಷ್ಟೇ ಬಳಕೆಯಲ್ಲಿದೆ.

ಪೋಲೆಂಡಿನ ಕ್ರಾಫ್ಟ್ ಬಿಯರ್ ಬೆಳೆದದ್ದು ಈ ಬಾರುಗಳಲ್ಲಿ. ಅಮೆರಿಕದ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ಹಾಕಿದ ಕಹಿ ಬಿಯರುಗಳು ಜನರನ್ನು ಒಳಗೆ ಕರೆದವು, ಇವತ್ತಿಗೂ ಪಟ್ಟಿಯ ಅರ್ಧ ಭಾಗ ಅವುಗಳದ್ದೇ. ಆದರೆ ಅಂಥವು ಪೋರ್ಟ್‌ಲ್ಯಾಂಡಿನಲ್ಲೂ ಸಿಗುತ್ತವೆ, ಬರ್ಲಿನ್ನಿನಲ್ಲೂ ಸಿಗುತ್ತವೆ. ಪೋಲೆಂಡಿಗೆ ಹೋಗಿ ಕುಡಿಯಬೇಕಾದ್ದು ಪೋಲೆಂಡಿನವೇ ಆದ ಎರಡು ಹಳೆಯ ಬಿಯರುಗಳನ್ನು: ನೀರಿನಷ್ಟೇ ಹಗುರವಾದ, ಹೊಗೆ ವಾಸನೆಯ ಗ್ರೊಜಿಸ್ಕ್ಯೆ, ಕಪ್ಪಗೆ ದಟ್ಟವಾದ ಬಾಲ್ಟಿಕ್ ಪೋರ್ಟರ್. ಒಂದು ಪೂರ್ತಿ ಸತ್ತು ಮತ್ತೆ ಹುಟ್ಟಿದ್ದು. ಇನ್ನೊಂದು ಯಾರೂ ಹೆಚ್ಚು ಗಮನಿಸದೆ ನೂರಾರು ವರ್ಷ ಬದುಕಿ ಉಳಿದದ್ದು. ಈ ಲೇಖನದಲ್ಲಿ ಅವೆರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದರೆ ಅದು ಬೇಕೆಂದೇ ಮಾಡಿದ್ದು.

ಬಾರಿನ ವ್ಯವಸ್ಥೆ

ಯುರೋಪಿನ ಹಳೆಯ ಪದ್ಧತಿಯಲ್ಲಿ ಒಂದು ಬಾರು ಒಂದು ದೊಡ್ಡ ಬಿಯರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಕಂಪನಿ ನಲ್ಲಿ, ತಂಪು ಯಂತ್ರ, ಛತ್ರಿ, ಗ್ಲಾಸು ಎಲ್ಲವನ್ನೂ ಕೊಡುತ್ತದೆ. ಬದಲಿಗೆ ಬಾರು ಆ ಕಂಪನಿಯ ಬಿಯರನ್ನಷ್ಟೇ ಮಾರಬೇಕು. ಮಲ್ಟಿಟ್ಯಾಪ್ ಈ ಕಟ್ಟಿನಿಂದ ಹೊರಗೆ ನಿಂತ ಬಾರು. ನಲ್ಲಿಗಳು ಅದರ ಸ್ವಂತದವು. ಯಾರ ಕೆಗ್ ಬೇಕಾದರೂ ಜೋಡಿಸಬಹುದು. ಒಂದು ಕೆಗ್ ಮುಗಿದರೆ ಅದೇ ನಲ್ಲಿಗೆ ಬೇರೆ ಊರಿನ, ಬೇರೆ ಬ್ರೂವರಿಯ ಬೇರೆ ಬಿಯರ್ ಬರುತ್ತದೆ. ಸಂಜೆ ಆರಕ್ಕೆ ಕಂಡ ಪಟ್ಟಿ ಒಂಬತ್ತಕ್ಕೆ ಹಾಗೇ ಇರುತ್ತದೆ ಎನ್ನುವಂತಿಲ್ಲ. ಯಾವ ಊರಿನ ಯಾವ ಬಾರಿನಲ್ಲಿ ಈಗ ಏನು ಸುರಿಯುತ್ತಿದೆ ಎಂದು ತೋರಿಸುವ ‘ಆನ್‌ಟ್ಯಾಪ್’ ಎಂಬ ಪೋಲಿಷ್ ಜಾಲತಾಣವೇ ಇದೆ. ಕೆಲವರು ಅದನ್ನು ನೋಡಿಕೊಂಡೇ ಮನೆಯಿಂದ ಹೊರಡುತ್ತಾರೆ.

ಮೇಜಿಗೆ ಬಂದು ಆರ್ಡರ್ ತೆಗೆದುಕೊಳ್ಳುವ ರೂಢಿ ಇಂಥ ಕಡೆ ಕಡಿಮೆ. ಕೌಂಟರಿಗೆ ಹೋಗಿ ನಲ್ಲಿಯ ಸಂಖ್ಯೆ ಹೇಳಿ, ಅಲ್ಲೇ ಹಣ ಕೊಟ್ಟು, ಗ್ಲಾಸು ಹಿಡಿದು ಬರಬೇಕು. ದೊಡ್ಡದು ಎಂದರೆ ಅರ್ಧ ಲೀಟರ್, ಸಣ್ಣದು ಎಂದರೆ 0.3 ಲೀಟರ್ ಆಸುಪಾಸು. ಇದಕ್ಕೂ ಚಿಕ್ಕ ಅಳತೆಯ ಗ್ಲಾಸುಗಳನ್ನು ನಾಲ್ಕೈದು ಗುಳಿಗಳಿರುವ ಮರದ ಹಲಗೆಯಲ್ಲಿ ಜೋಡಿಸಿ ಕೊಡುವ ‘ದೆಸ್ಕಾ’ ಅನೇಕ ಕಡೆ ಉಂಟು. ಹೊಸಬರಿಗೆ ಇದೇ ಸರಿ. ಅರ್ಧ ಲೀಟರಿನ ಎರಡು ಗ್ಲಾಸು ಮುಗಿಸುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ನಿಲ್ಲಿಸಿರುತ್ತದೆ, ಮೂರನೆಯದರ ರುಚಿಯ ಬಗ್ಗೆ ಆಡುವ ಮಾತೆಲ್ಲ ಊಹೆ. ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳಿದರೆ ಸಾಮಾನ್ಯವಾಗಿ ಬೇಸರಪಡದೆ ಕೊಡುತ್ತಾರೆ. ಹಿಂದೆ ಸಾಲು ಬೆಳೆದಿರುವಾಗ ಆರು ನಲ್ಲಿಗಳ ಗುಟುಕು ಕೇಳುವವರನ್ನು ಮಾತ್ರ ಯಾವ ದೇಶದಲ್ಲೂ ಯಾರೂ ಮೆಚ್ಚುವುದಿಲ್ಲ.

ಬೆಂಗಳೂರಿನ ಮೈಕ್ರೊಬ್ರೂವರಿಗಳನ್ನು ಬಲ್ಲವರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ಇಂದಿರಾನಗರದಲ್ಲಿ 2010ರಲ್ಲಿ ಶುರುವಾದ ಟಾಯಿಟ್‌ನಂಥ ಜಾಗಗಳಲ್ಲಿ ಬಿಯರ್ ತಯಾರಾಗುವುದೂ ಅಲ್ಲೇ, ಬಡಿಸುವುದೂ ಅಲ್ಲೇ. ಗಾಜಿನ ಹಿಂದೆ ಟ್ಯಾಂಕುಗಳು ಕಾಣುತ್ತವೆ. ಪೋಲೆಂಡಿನ ಮಲ್ಟಿಟ್ಯಾಪಿನಲ್ಲಿ ಟ್ಯಾಂಕು ಇರುವುದಿಲ್ಲ. ಅದು ಇಡೀ ದೇಶದ ಸಣ್ಣ ಬ್ರೂವರಿಗಳಿಗೆ ಕಿಟಕಿ, ಪುಸ್ತಕದಂಗಡಿ ಹಲವು ಪ್ರಕಾಶಕರಿಗೆ ಇರುವಂತೆ.

ವೋಡ್ಕಾದ ನಾಡಿನಲ್ಲಿ ಬಿಯರ್

ಪೋಲೆಂಡ್ ಎಂದರೆ ವೋಡ್ಕಾ ಎಂಬುದು ಹೊರಗಿನವರ ತಿಳಿವಳಿಕೆ. ಹಳೆಯ ಚರಿತ್ರೆ ಬೇರೆ ಮಾತು ಹೇಳುತ್ತದೆ. ಮಧ್ಯಯುಗದಲ್ಲಿ ಅಲ್ಲಿನ ದಿನನಿತ್ಯದ ಪಾನೀಯ ಬಿಯರು. ದೊರೆ ಲೆಶೆಕ್ ಧರ್ಮಯುದ್ಧಕ್ಕೆ ಹೋಗಲು ನಿರಾಕರಿಸುತ್ತ, ಪವಿತ್ರ ಭೂಮಿಯಲ್ಲಿ ಬಿಯರ್ ಸಿಗುವುದಿಲ್ಲ ಎಂಬ ಕಾರಣವನ್ನು ಪೋಪರಿಗೆ ತಿಳಿಸಿದ ಎಂಬ ಕಥೆಯನ್ನು ಪೋಲಿಷರು ಈಗಲೂ ನಗುತ್ತ ಹೇಳುತ್ತಾರೆ. ಇಂದಿನ ದೊಡ್ಡ ಹೆಸರುಗಳಿಗೂ ಕಡಿಮೆ ವಯಸ್ಸಾಗಿಲ್ಲ: ತಿಹಿ ಊರಿನ ತಿಸ್ಕ್ಯೆ ಬ್ರೂವರಿ ತನ್ನ ಮೊದಲ ದಾಖಲೆಯನ್ನು 1629ಕ್ಕೆ ಒಯ್ಯುತ್ತದೆ, ಒಕೋಚಿಮ್ 1845ರದ್ದು, ಹ್ಯಾಬ್ಸ್‌ಬರ್ಗ್ ಮನೆತನದವರು ಕಟ್ಟಿದ ಝಿವ್ಯೆತ್ಸ್ 1856ರದ್ದು.

ಕಮ್ಯುನಿಸ್ಟ್ ಆಡಳಿತದಲ್ಲಿ ಬ್ರೂವರಿಗಳೆಲ್ಲ ಸರ್ಕಾರದ ಪಾಲಾದವು. ಸರಕಿನ ಕೊರತೆಯ ಆ ದಶಕಗಳಲ್ಲಿ ಬಿಯರಿನ ಗುಣಮಟ್ಟದ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆ, ಸಿಕ್ಕಿದರೆ ಸಾಕಿತ್ತು. ವೋಡ್ಕಾ ಮೇಲುಗೈ ಪಡೆಯಿತು. 1989ರಲ್ಲಿ ಆ ಆಡಳಿತ ಹೋದ ಮೇಲೆ ವೋಡ್ಕಾ ಬಗೆಗಿನ ಅಸಮಾಧಾನ ಒಂದು ವಿಚಿತ್ರ ರೂಪದಲ್ಲಿ ಹೊರಬಂತು. ಹಾಸ್ಯನಟ ಯಾನುಷ್ ರೆವಿನ್ಸ್ಕಿ ಮುಂದಾಳತ್ವದಲ್ಲಿ ‘ಪೋಲಿಷ್ ಬಿಯರ್ ಪ್ರಿಯರ ಪಕ್ಷ’ ಹುಟ್ಟಿತು. ವೋಡ್ಕಾ ಬಿಟ್ಟು ಒಳ್ಳೆಯ ಬಾರಿನಲ್ಲಿ ಒಳ್ಳೆಯ ಬಿಯರ್ ಕುಡಿಯುತ್ತ ರಾಜಕೀಯ ಮಾತಾಡೋಣ ಎಂಬುದು ಅದರ ಅರ್ಧ ತಮಾಷೆಯ ಕಾರ್ಯಕ್ರಮ. 1991ರ ಚುನಾವಣೆಯಲ್ಲಿ ಈ ಪಕ್ಷ ಸಂಸತ್ತಿನ ಕೆಳಮನೆಯಲ್ಲಿ 16 ಸ್ಥಾನ ಗೆದ್ದುಬಿಟ್ಟಿತು. ಗೆದ್ದ ಮೇಲೆ ಒಡೆಯಿತು ಕೂಡ. ಎರಡು ಬಣಗಳಿಗೆ ‘ದೊಡ್ಡ ಬಿಯರ್’, ‘ಸಣ್ಣ ಬಿಯರ್’ ಎಂದು ಹೆಸರು ಬಿತ್ತು.

ಪಕ್ಷ ಹೋಯಿತು, ಬಿಯರ್ ಉಳಿಯಿತು. 1990ರ ದಶಕದಲ್ಲಿ ವಿದೇಶಿ ಬಂಡವಾಳ ಬಂದು ಕಾರ್ಖಾನೆಗಳು ಆಧುನಿಕವಾದವು. ಮಾರುಕಟ್ಟೆಯ ಬಹುಪಾಲು ಮೂರು ದೊಡ್ಡ ಗುಂಪುಗಳ ಕೈ ಸೇರಿತು. ಝಿವ್ಯೆತ್ಸ್ ಗುಂಪು ಹೈನೆಕೆನ್‌ನದ್ದು, ಒಕೋಚಿಮ್ ಕಾರ್ಲ್ಸ್‌ಬರ್ಗ್‌ನದ್ದು, ತಿಸ್ಕ್ಯೆ ಮತ್ತು ಲೆಖ್ ತಯಾರಿಸುವ ಕಂಪನಿ 2017ರಿಂದ ಜಪಾನಿನ ಅಸಾಹಿಯದ್ದು. (ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕೂಡ 2021ರಿಂದ ಹೈನೆಕೆನ್ ಹಿಡಿತದಲ್ಲಿದೆ. ಕಿಂಗ್‌ಫಿಷರ್ ಮತ್ತು ಝಿವ್ಯೆತ್ಸ್ ಈಗ ಒಂದೇ ಮನೆಯವು.) ಶುಚಿಯಾದ, ತಂಪಾದ, ಒಂದರಂತೆ ಒಂದಿರುವ ತಿಳಿ ಲಾಗರ್ ದೇಶ ತುಂಬಿತು. ವರ್ಷಕ್ಕೆ ತಲಾ 90 ಲೀಟರ್ ದಾಟುವಷ್ಟು ಬಿಯರ್ ಕುಡಿಯುವ ಜನ ಹೆಚ್ಚುಕಡಿಮೆ ಒಂದೇ ರುಚಿಯನ್ನು ಕುಡಿಯುತ್ತಿದ್ದರು.

2011ರ ಕಹಿ

ವ್ರೊತ್ಸ್ವಾಫ್‌ನ ಹಳೆಯ ಪೇಟೆ ಚೌಕದಲ್ಲಿ ‘ಸ್ಪಿಝ್’ ಎಂಬ ಬ್ರೂಪಬ್ 1992ರಲ್ಲೇ ಶುರುವಾಗಿತ್ತು. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು ಎಲ್ಲ ಊರುಗಳಲ್ಲೂ ಇದ್ದರು. 2010ರಲ್ಲಿ ಅವರ ರಾಷ್ಟ್ರೀಯ ಸಂಘವೂ ಹುಟ್ಟಿತು. ಆದರೆ ಕ್ರಾಫ್ಟ್ ಬಿಯರಿನ ಆರಂಭ ಎಲ್ಲಿ ಎಂದು ಪೋಲೆಂಡಿನಲ್ಲಿ ಯಾರನ್ನು ಕೇಳಿದರೂ ಹೇಳುವುದು 2011ರ ವಸಂತವನ್ನು, ‘ಪಿಂತಾ’ ಎಂಬ ಬ್ರೂವರಿಯನ್ನು, ‘ಅತಾಕ್ ಹ್ಮ್ಯೆಲು’ ಎಂಬ ಬಿಯರನ್ನು. ಹಾಪ್ಸ್‌ನ ದಾಳಿ ಎಂದು ಆ ಹೆಸರಿನ ಅರ್ಥ, ಕುಡಿದವರಿಗೆ ಆದದ್ದೂ ಹಾಗೆಯೇ. ಅಮೆರಿಕದ ಹಾಪ್ಸ್ ಧಾರಾಳವಾಗಿ ಸುರಿದ ಆ ಇಂಡಿಯಾ ಪೇಲ್ ಏಲ್‌ನಲ್ಲಿ (ಐಪಿಎ) ಚಕ್ಕೋತದ ಸಿಪ್ಪೆಯ ವಾಸನೆ, ಪೈನ್ ಮರದ ಅಂಟಿನ ಘಾಟು, ಗಂಟಲಲ್ಲಿ ಉಳಿಯುವ ಕಹಿ. ತಿಳಿ ಲಾಗರ್ ಕುಡಿದು ಬೆಳೆದವರು ಇದು ಕೆಟ್ಟಿದೆ ಎಂದುಕೊಂಡರೆ ತಪ್ಪೇನಿಲ್ಲ.

ಈ ಹೆಸರಿನಲ್ಲಿರುವ ಇಂಡಿಯಾ ನಮ್ಮದೇ. ವಸಾಹತು ಕಾಲದಲ್ಲಿ ಇಂಗ್ಲೆಂಡಿನಿಂದ ಇಲ್ಲಿನ ಬಿಳಿಯರಿಗೆಂದು ಹಡಗಿನಲ್ಲಿ ಬರುತ್ತಿದ್ದ ಪೇಲ್ ಏಲ್‌ಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದರು, ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆ. ಅಮೆರಿಕನ್ನರು ಇಪ್ಪತ್ತನೆಯ ಶತಮಾನದ ಕೊನೆಗೆ ಅದನ್ನು ಎತ್ತಿಕೊಂಡು ಬೇರೆಯದೇ ಪಾನೀಯ ಮಾಡಿದರು. ಪೋಲೆಂಡಿಗೆ ಬಂದದ್ದು ಈ ಎರಡನೆಯದು.

ಪಿಂತಾಗೆ ಆಗ ಸ್ವಂತ ಕಾರ್ಖಾನೆ ಇರಲಿಲ್ಲ. ಜಾವ್ಯೆರ್ಚೆ ಊರಿನ ಒಂದು ಸಣ್ಣ ಬ್ರೂವರಿಯ ಬಿಡುವಿನ ಟ್ಯಾಂಕುಗಳನ್ನು ಬಾಡಿಗೆಗೆ ಪಡೆದು ತಮ್ಮ ಪಾಕದಂತೆ ಬೇಯಿಸಿದರು. ‘ಗುತ್ತಿಗೆ ಬ್ರೂವರಿ’ ಎಂಬ ಈ ಪದ್ಧತಿಯಿಂದಲೇ ಪೋಲೆಂಡಿನಲ್ಲಿ ಕ್ರಾಫ್ಟ್ ಅಷ್ಟು ಬೇಗ ಹಬ್ಬಿತು. ಕೋಟಿಗಟ್ಟಲೆ ಹೂಡಬೇಕಿರಲಿಲ್ಲ, ಒಂದು ಒಳ್ಳೆಯ ಪಾಕ, ಹಾಪ್ಸ್ ಕೊಳ್ಳುವಷ್ಟು ದುಡ್ಡು, ಒಂದು ತಮಾಷೆಯ ಲೇಬಲ್ ಇದ್ದರೆ ಸಾಕಿತ್ತು. ಮರುವರ್ಷ ‘ಆಲೆಬ್ರೊವಾರ್’ ತನ್ನ ‘ರೋವಿಂಗ್ ಜ್ಯಾಕ್’ ತಂದಿತು, ‘ಆರ್ತೆಜಾನ್’ ಬಂತು. ತಾರ್ನುಫ್ ಕಡೆಯ ‘ಮೂವರು ಗೆಳೆಯರು’ ಎಂಬ ಬ್ರೂವರಿಯ ಗೋಧಿ ಮಿಶ್ರಿತ ‘ಪಾನ್ ಇಪಾನಿ’ ಕಹಿಗೆ ಹೆದರುವವರನ್ನೂ ಒಲಿಸಿಕೊಂಡಿತು. ವ್ರೊತ್ಸ್ವಾಫ್‌ನಲ್ಲಿ 2014ರಲ್ಲಿ ‘ಸ್ತು ಮೊಸ್ತುಫ್’ ತೆರೆಯಿತು. ಆ ಊರು ನೂರು ಸೇತುವೆಗಳ ಊರೆಂದು ಹೆಸರಾದದ್ದು, ಬ್ರೂವರಿಗೂ ಅದೇ ಹೆಸರು. ಅದೇ ವರ್ಷ ವಾರ್ಸಾ ಬಿಯರ್ ಉತ್ಸವ ಶುರುವಾಗಿ ಲೆಗಿಯಾ ಫುಟ್‌ಬಾಲ್ ಮೈದಾನದ ಒಳಾಂಗಣಗಳನ್ನು ತುಂಬತೊಡಗಿತು. 2010ರ ದಶಕದ ಕೊನೆಗೆ ವರ್ಷವೊಂದಕ್ಕೆ ಸಾವಿರಕ್ಕೂ ಹೆಚ್ಚು ಹೊಸ ಬಿಯರುಗಳು ದೇಶದಲ್ಲಿ ಬಿಡುಗಡೆಯಾಗುತ್ತಿದ್ದವು. ಅಂಗಡಿಯ ಕಪಾಟಿನಲ್ಲಿ ಇವಕ್ಕೆಲ್ಲ ಜಾಗ ಎಲ್ಲಿ? ನಲ್ಲಿಯಲ್ಲಿ ಎರಡು ದಿನ ಇದ್ದು ಖಾಲಿಯಾಗುವ ಬಿಯರಿಗೆ ಮಲ್ಟಿಟ್ಯಾಪೇ ತಕ್ಕ ಜಾಗವಾಯಿತು.

ಗ್ರೊಜಿಸ್ಕ್ಯೆ

ಪೊಜ್ನಾನ್‌ನ ಪಶ್ಚಿಮಕ್ಕೆ ಗ್ರೊಜಿಸ್ಕ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಬಿಯರಿಗೆ ಬಾರ್ಲಿಯ ಹಂಗಿಲ್ಲ, ಪೂರ್ತಿ ಗೋಧಿಯ ಮಾಲ್ಟ್. ನೆನೆಸಿ ಮೊಳಕೆ ಬರಿಸಿದ ಗೋಧಿಯನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆ ಎಂದರೆ ಜರ್ಮನಿಯ ಬಾಂಬೆರ್ಗ್ ಬಿಯರಿನಂತೆ ಮಾಂಸ ಸುಟ್ಟ ವಾಸನೆ ಬರುವುದಿಲ್ಲ. ಬಾಂಬೆರ್ಗಿನಲ್ಲಿ ಬೀಚ್ ಮರ ಸುಡುತ್ತಾರೆ, ಇಲ್ಲಿ ಓಕ್; ಓಕ್ ಹೊಗೆ ಒಣಗಿದ್ದು, ಸೌಮ್ಯ. ಮದ್ಯದ ಪ್ರಮಾಣ ಶೇ 3ರ ಹತ್ತಿರ. ಬಣ್ಣ ತಿಳಿ ಹುಲ್ಲಿನದು. ಗುಳ್ಳೆಗಳು ಧಾರಾಳ, ಎತ್ತರದ ಗ್ಲಾಸಿನಲ್ಲಿ ನೊರೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಇದಕ್ಕೆ ‘ಪೋಲೆಂಡಿನ ಶಾಂಪೇನ್’ ಎಂಬ ಬಿರುದು ಬಂದದ್ದು ಈ ಗುಳ್ಳೆಗಳಿಂದ.

ಊರಿನವರು ಹೇಳುವ ಐತಿಹ್ಯ ಹೀಗಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಪಟ್ಟಣದ ಬಾವಿ ಬತ್ತಿತು, ಬಿಯರ್ ಮಾಡುವವರ ಕಸುಬು ನಿಂತಿತು. ಲುಬಿನ್ ಮಠದ ಬೆನೆಡಿಕ್ಟೈನ್ ಸನ್ಯಾಸಿ ಬೆರ್ನಾರ್ಡ್ ಬಂದು ಪ್ರಾರ್ಥಿಸಿದರು, ಬಾವಿಯಲ್ಲಿ ಮತ್ತೆ ನೀರು ಬಂತು, ಆ ನೀರಿನ ಬಿಯರ್ ಹಿಂದಿಗಿಂತ ಚೆನ್ನಾಗಿತ್ತು. ಕೃತಜ್ಞತೆಗೆ ಊರವರು ಮಠಕ್ಕೆ ಮೆರವಣಿಗೆಯಲ್ಲಿ ಹೋಗಿ ಬಿಯರ್ ಒಪ್ಪಿಸುವ ಪದ್ಧತಿ ಬೆಳೆಯಿತು. ಪವಾಡ ಒಂದು ಕಡೆ ಇರಲಿ, ಸಲ್ಫೇಟ್ ಹೆಚ್ಚಿರುವ ಅಲ್ಲಿನ ಗಡಸು ನೀರಿಗೂ ಈ ಬಿಯರಿನ ಒಣ ರುಚಿಗೂ ಸಂಬಂಧವಿದೆ ಎಂಬುದನ್ನು ಬಿಯರ್ ಮಾಡುವವರೂ ಒಪ್ಪುತ್ತಾರೆ.

ಪ್ರಷ್ಯದ ಆಳ್ವಿಕೆಯಲ್ಲಿ ಊರಿನ ಹೆಸರು ಗ್ರೇಟ್ಸ್ ಆಯಿತು, ಬಿಯರು ಗ್ರೇಟ್ಸರ್ ಎಂಬ ಹೆಸರಿನಲ್ಲಿ ಜರ್ಮನಿಯಾಚೆಗೂ ಹೋಯಿತು. ಎರಡನೇ ಮಹಾಯುದ್ಧದ ನಂತರ ಸರ್ಕಾರಿ ಕಾರ್ಖಾನೆಯಾಗಿ ಕುಂಟುತ್ತ ನಡೆದು, 1993ರಲ್ಲಿ ಊರಿನ ಕೊನೆಯ ಬ್ರೂವರಿ ಬಾಗಿಲು ಹಾಕಿತು. ಹೊಸ ಬಂಡವಾಳಶಾಹಿ ಪೋಲೆಂಡಿಗೆ ಶೇ 3ರ ಹೊಗೆ ಬಿಯರ್ ಬೇಕಿರಲಿಲ್ಲ. ಒಂದು ದೇಶದ ಸ್ವಂತ ಬಿಯರ್ ಶೈಲಿ ಹೀಗೆ ಸದ್ದಿಲ್ಲದೆ ನಿಂತುಹೋಯಿತು.

ಮತ್ತೆ ಎಬ್ಬಿಸಿದವರು ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳು. ಅವರ ಸಂಘ ಹಳೆಯ ಕೆಲಸಗಾರರನ್ನು ಮಾತಾಡಿಸಿ, ಕಾಗದಪತ್ರ ಹುಡುಕಿ, ಹಳೆಯ ಯೀಸ್ಟಿನ ತಳಿಗಳನ್ನು ಸಂಗ್ರಹಗಳಿಂದ ಪಡೆದು, ಹೋಲಿಸಿ ಆರಿಸಿ ಒಂದು ಪಾಕವನ್ನು ನಿಗದಿ ಮಾಡಿತು. ಪಿಂತಾ ಕೂಡ ತನ್ನ ಮೊದಲ ವರ್ಷದಲ್ಲೇ ಗ್ರೊಜಿಸ್ಕ್ಯೆ ಮಾದರಿಯ ಬಿಯರ್ ಮಾಡಿತು. 2015ರಲ್ಲಿ ಗ್ರೊಜಿಸ್ಕ್ ಊರಿನಲ್ಲೇ ಬ್ರೂವರಿ ಮತ್ತೆ ಕೆಲಸ ಶುರುಮಾಡಿತು. ಕ್ರಾಫ್ಟ್ ಚಳವಳಿ ಎಂದರೆ ಅಮೆರಿಕದ ನಕಲು ಎಂದು ಮೂಗು ಮುರಿಯುವವರಿಗೆ ನಾನು ಕೊಡುವ ಉತ್ತರ ಈ ಪ್ರಸಂಗ.

ಮಲ್ಟಿಟ್ಯಾಪಿನ ಪಟ್ಟಿಯಲ್ಲಿ ಗ್ರೊಜಿಸ್ಕ್ಯೆ ಕಂಡರೆ ಅದನ್ನೇ ಮೊದಲು ಕೇಳಬೇಕು. ಎರಡನೆಯದಾಗಿ ಕುಡಿದರೆ ಅದರ ರುಚಿ ಸಿಗುವುದಿಲ್ಲ. ಕಹಿ ಐಪಿಎ ಆದ ಮೇಲೆ ಕುಡಿದವರಿಗೆ ಸೋಡಾ ಕುಡಿದಂತಾಗಿ, ಇದೇನು ಮಹಾ ಎನಿಸುತ್ತದೆ. ಖಾಲಿ ಬಾಯಿಗೆ ಮೊದಲು ಹೊಗೆ ತಾಗುತ್ತದೆ, ಹಿಂದೆಯೇ ಗೋಧಿ ಹಿಟ್ಟಿನ ಸಣ್ಣ ಹುಳಿ, ಕೊನೆಗೆ ಗಿಡಮೂಲಿಕೆಯಂಥ ಕಹಿ, ಆಮೇಲೆ ಬಾಯಿ ಒಣಗುತ್ತದೆ.

ಬಾಲ್ಟಿಕ್ ಪೋರ್ಟರ್

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಕಪ್ಪು ಪೋರ್ಟರ್ ಬಾಲ್ಟಿಕ್ ಸಮುದ್ರ ದಾಟಿ ಗ್ದಾನ್ಸ್ಕ್, ರೀಗಾ, ಸೇಂಟ್ ಪೀಟರ್ಸ್‌ಬರ್ಗ್‌ಗಳ ಶ್ರೀಮಂತರ ಮೇಜಿಗೆ ಹೋಗುತ್ತಿತ್ತು. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಆ ದಾರಿಗೆ ಪೆಟ್ಟು ಬಿತ್ತು. ಕರಾವಳಿಯ ಬಿಯರ್ ಮಾಡುವವರು ತಾವೇ ಪೋರ್ಟರ್ ಬೇಯಿಸತೊಡಗಿದರು. ಹತ್ತೊಂಬತ್ತನೆಯ ಶತಮಾನ ಸಾಗುತ್ತ ಮಧ್ಯ ಯುರೋಪಿನಲ್ಲಿ ತಂಪಿನಲ್ಲಿ ಕೆಲಸ ಮಾಡುವ ಲಾಗರ್ ಯೀಸ್ಟ್ ಹರಡಿತು, ಪೋರ್ಟರಿಗೂ ಅದನ್ನೇ ಬಳಸಿದರು. ಇಂಗ್ಲಿಷ್ ಪೋರ್ಟರಿಗೂ ಬಾಲ್ಟಿಕ್ ಪೋರ್ಟರಿಗೂ ಇರುವ ಮುಖ್ಯ ವ್ಯತ್ಯಾಸ ಈ ಯೀಸ್ಟು. ತಂಪಿನಲ್ಲಿ ನಿಧಾನ ಹುದುಗಿ ತಿಂಗಳುಗಟ್ಟಲೆ ಮಾಗಿದ ಬಿಯರಿನಲ್ಲಿ ಹಣ್ಣಿನ ಗಡಿಬಿಡಿ ಇರುವುದಿಲ್ಲ. ಒಣ ಕರಿದ್ರಾಕ್ಷಿ, ಜೋನಿಬೆಲ್ಲ, ಕಾಫಿಯ ನೆರಳು, ಚಾಕೊಲೇಟು ಒಂದರೊಳಗೊಂದು ಕರಗಿ ನಯವಾಗಿರುತ್ತವೆ.

ಪೋಲೆಂಡಿನ ಶ್ರೇಷ್ಠ ಮಾದರಿ ಝಿವ್ಯೆತ್ಸ್ ಪೋರ್ಟರ್. ತನ್ನ ಪಾಕ 1881ರದ್ದೆಂದು ಅದು ಹೇಳಿಕೊಳ್ಳುತ್ತದೆ. ಮದ್ಯ ಶೇ 9.5. ಜೆಕ್ ಗಡಿಯ ಚೆಶಿನ್ ಊರಿನ, 1846ರಲ್ಲಿ ಶುರುವಾದ ಕೋಟೆ ಬ್ರೂವರಿಯಲ್ಲಿ ಇದನ್ನು ಬಹುಕಾಲದಿಂದ ತಯಾರಿಸುತ್ತ ಬಂದಿದ್ದಾರೆ. ಕಮ್ಯುನಿಸ್ಟ್ ಕಾಲದಲ್ಲೂ ಪೋರ್ಟರ್ ನಿಲ್ಲಲಿಲ್ಲ, ಬಹುರಾಷ್ಟ್ರೀಯ ಕಂಪನಿಯ ಕಾಲದಲ್ಲೂ ನಿಲ್ಲಲಿಲ್ಲ. ಜಗತ್ತು ಈ ಶೈಲಿಯನ್ನು ಮರೆತಿದ್ದಾಗಲೂ ಪೋಲೆಂಡಿನ ದಿನಸಿ ಅಂಗಡಿಯ ಕೆಳಕಪಾಟಿನಲ್ಲಿ ಸಾಧಾರಣ ಬೆಲೆಗೆ ಅದು ಸಿಗುತ್ತಿತ್ತು. ಸಿಗುವ ವಸ್ತುವಿಗೆ ಬೆಲೆ ತಿಳಿಯದು. ಕ್ರಾಫ್ಟ್ ಬ್ರೂವರಿಗಳು ಬಂದ ಮೇಲೆಯೇ ಪೋಲಿಷರು ಅದನ್ನು ಹೊಸ ಕಣ್ಣಿಂದ ನೋಡಿದ್ದು.

ನೋಡಿದ ಮೇಲೆ ಸುಮ್ಮನಿರಲಿಲ್ಲ. ಬೋರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಇಟ್ಟು ಮಾಗಿಸಿದರು. ಹೆಪ್ಪುಗಟ್ಟಿಸಿ ಮಂಜುಗಡ್ಡೆ ತೆಗೆದು ಇನ್ನಷ್ಟು ದಟ್ಟಗೊಳಿಸಿದರು. ಓಲ್ಶ್ತಿನ್‌ನ ಕೊರ್ಮೊರಾನ್ ಬ್ರೂವರಿಯ ‘ಇಂಪೇರಿಯುಂ ಪ್ರೂನುಂ’ ಇವುಗಳಲ್ಲಿ ಹೆಸರುವಾಸಿ. ದಕ್ಷಿಣ ಪೋಲೆಂಡಿನ ಸೆಖ್ನಾ ಸುತ್ತಿನ ಹಳ್ಳಿಗಳಲ್ಲಿ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವ ‘ಸುಸ್ಕಾ’ ಎಂಬ ಪ್ಲಮ್ ಹಣ್ಣನ್ನು ಆ ಪೋರ್ಟರಿಗೆ ಹಾಕುತ್ತಾರೆ. ಅದು ಬಿಡುಗಡೆಯಾದಾಗ ಅಂಗಡಿಗಳ ಮುಂದೆ ಸಾಲು ನಿಂತದ್ದುಂಟು. 2016ರಿಂದ ಪ್ರತಿ ಜನವರಿಯ ಮೂರನೇ ಶನಿವಾರ ಬಾಲ್ಟಿಕ್ ಪೋರ್ಟರ್ ದಿನ. ಅಂದು ದೇಶದ ಮಲ್ಟಿಟ್ಯಾಪುಗಳು ಒಂದಕ್ಕಿಂತ ಹೆಚ್ಚು ನಲ್ಲಿಗಳನ್ನು ಪೋರ್ಟರಿಗೇ ಬಿಟ್ಟುಕೊಡುತ್ತವೆ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟ ಬಾಟಲಿಗಳು ಹೊರಬರುತ್ತವೆ. ಹೊರಗೆ ಹಿಮ ಬೀಳುವ ತಿಂಗಳಲ್ಲಿ ಈ ಹಬ್ಬ ಇಟ್ಟವರಿಗೆ ಹವಾಮಾನದ ಅಂದಾಜು ಚೆನ್ನಾಗಿತ್ತು.

ತಪ್ಪದೆ ಪಾಲಿಸಬೇಕಾದ್ದು ಒಂದೇ, ಇದನ್ನು ಐಸಿನಷ್ಟು ತಣ್ಣಗೆ ಕುಡಿಯಬಾರದು. ಹತ್ತರಿಂದ ಹದಿನಾಲ್ಕು ಡಿಗ್ರಿ ಸೆಲ್ಸಿಯಸ್‌ಗೆ ಬರುವ ತನಕ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕಾದರೆ ಮೊದಲು ಇರದಿದ್ದ ವಾಸನೆಗಳು ಏಳುತ್ತವೆ. 0.3 ಲೀಟರ್ ಸಾಕು, ಅದೂ ಒಂದು ಗಂಟೆಗೆ.

ಹಾಪ್ಸ್ ಬೆಳೆಯುವ ಲುಬ್ಲಿನ್

ಅಮೆರಿಕದ ಹಾಪ್ಸ್ ಬಗ್ಗೆ ಇಷ್ಟು ಹೇಳಿದ ಮೇಲೆ ಪೋಲೆಂಡಿನ ಸ್ವಂತ ಹಾಪ್ಸ್ ಬಗ್ಗೆಯೂ ಹೇಳಬೇಕು. ಪೂರ್ವದ ಲುಬ್ಲಿನ್ ಪ್ರಾಂತ್ಯ ದೇಶದ ಹಾಪ್ಸ್ ಕಣಜ. ಅಲ್ಲಿನ ಹಳೆಯ ತಳಿ ಲುಬೆಲ್ಸ್ಕಿ, ಜೆಕ್ ದೇಶದ ಪ್ರಸಿದ್ಧ ಸಾಜ್ ಹಾಪ್ಸ್‌ನ ಬಳಗದ್ದು; ಕಹಿ ಕಡಿಮೆ, ಹೂವು ಮತ್ತು ಒಣಹುಲ್ಲಿನ ಪರಿಮಳ. ಕಹಿಗೆ ಮಾರಿಂಕಾ ಇದೆ. ಪುವಾವಿ ಊರಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಹೊಸ ತಳಿಗಳನ್ನು ಬೆಳೆಸುತ್ತ ಬಂದಿದೆ. ಕ್ರಸ್ನಿಸ್ತಾಫ್ ಪಟ್ಟಣದಲ್ಲಿ ಸುಗ್ಗಿಯ ಹೊತ್ತಿಗೆ ನಡೆಯುವ ‘ಹ್ಮ್ಯೆಲಾಕಿ’ ಎಂಬ ಹಾಪ್ಸ್ ಜಾತ್ರೆ 1971ರಷ್ಟು ಹಳೆಯದು. ಪಟ್ಟಿಯಲ್ಲಿ ಪೋಲಿಷ್ ಹಾಪ್ಸ್ ಹಾಕಿದ ಪಿಲ್ಸ್ ಎಂಬ ತಿಳಿ ಲಾಗರ್ ಕಂಡರೆ ದೆಸ್ಕಾದಲ್ಲಿ ಅದಕ್ಕೊಂದು ಗುಳಿ ಮೀಸಲಿಡುವುದು ಒಳ್ಳೆಯದು. ಸರಳ ಬಿಯರಿನಲ್ಲಿ ದೋಷ ಮುಚ್ಚಿಡಲು ಜಾಗವಿಲ್ಲ, ಬ್ರೂವರಿಯ ಕೈಗುಣ ಅಲ್ಲೇ ತಿಳಿಯುತ್ತದೆ.

ಹಲಗೆಯ ಮೇಲಿನ ಅಂಕಿಗಳು

ಪಟ್ಟಿಯಲ್ಲಿ ಪ್ರತಿ ಬಿಯರಿನ ಎದುರು ಎರಡು ಅಂಕಿಗಳಿರುತ್ತವೆ. ಶೇಕಡಾ ಮದ್ಯ ಎಲ್ಲರಿಗೂ ಗೊತ್ತು. ಇನ್ನೊಂದು ‘ಎಕ್ಸ್‌ಟ್ರಾಕ್ಟ್’, ಪ್ಲೇಟೊ ಅಥವಾ ಬಾಲಿಂಗ್ ಡಿಗ್ರಿಯಲ್ಲಿ ಬರೆದಿರುತ್ತಾರೆ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸದಲ್ಲಿ, ಹುದುಗುವ ಮೊದಲು, ನೂರು ಗ್ರಾಮಿಗೆ ಎಷ್ಟು ಗ್ರಾಮು ಸಕ್ಕರೆ ಮೊದಲಾದ ಕರಗಿದ ಸಾರವಿತ್ತು ಎಂಬ ಲೆಕ್ಕ ಅದು. ಸಾರ ಹೆಚ್ಚಿದ್ದಷ್ಟೂ ಯೀಸ್ಟಿಗೆ ಆಹಾರ ಹೆಚ್ಚು, ಮದ್ಯವೂ ಮೈಯೂ ಹೆಚ್ಚು. ಗ್ರೊಜಿಸ್ಕ್ಯೆ ಸುಮಾರು 8, ಸಾಮಾನ್ಯ ಲಾಗರ್ 12ರ ಆಸುಪಾಸು, ಐಪಿಎ 15–16, ಬಾಲ್ಟಿಕ್ ಪೋರ್ಟರ್ 22. ಪೋಲಿಷ್ ಪೋರ್ಟರಿನ ಬಾಟಲಿಗಳ ಮೇಲೆ ಈ 22 ಒಂದು ಹೆಮ್ಮೆಯ ಗುರುತು.

ಈ ಅಂಕಿಗೆ ಇನ್ನೊಂದು ಅರ್ಥವೂ ಇದೆ. ಪೋಲೆಂಡಿನಲ್ಲಿ ಬಿಯರಿನ ಅಬಕಾರಿ ಸುಂಕ ಲೆಕ್ಕ ಹಾಕುವುದು ಮದ್ಯದ ಶೇಕಡಾವಾರಿನಿಂದಲ್ಲ, ಪ್ಲೇಟೊ ಡಿಗ್ರಿಯಿಂದ. ಇಪ್ಪತ್ತೆರಡರ ಪೋರ್ಟರ್ ಹನ್ನೆರಡರ ಲಾಗರಿಗಿಂತ ಹೆಚ್ಚು ಸುಂಕ ಹೊರುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಜಾಗ ಹಿಡಿದಿಟ್ಟ ಖರ್ಚು ಬೇರೆ. ಕ್ರಾಫ್ಟ್ ಪೋರ್ಟರಿನ ಬೆಲೆ ನೋಡಿ ಹುಬ್ಬೇರಿಸುವ ಮೊದಲು ಇದನ್ನು ನೆನೆಯಬಹುದು.

‘ಐಬಿಯು’ ಎಂಬ ಮೂರನೆಯ ಅಂಕಿ ಕೆಲವು ಕಡೆ ಕಾಣುತ್ತದೆ, ಕಹಿಯ ಅಳತೆ. ಅದನ್ನು ಒಂದು ಸುಳಿವು ಎಂದಷ್ಟೇ ತೆಗೆದುಕೊಳ್ಳಬೇಕು. ದಟ್ಟ ಸಿಹಿಯಿರುವ ಪೋರ್ಟರಿನಲ್ಲಿ 40 ಗೊತ್ತೇ ಆಗುವುದಿಲ್ಲ, ತೆಳು ಪಿಲ್ಸ್‌ನಲ್ಲಿ ಅದೇ 40 ನಾಲಿಗೆ ಕಚ್ಚುತ್ತದೆ.

ಕುಡಿಯುವ ಕ್ರಮ

ಕಡಿಮೆ ಪ್ಲೇಟೊದಿಂದ ಹೆಚ್ಚಿನದಕ್ಕೆ, ಸೌಮ್ಯದಿಂದ ತೀವ್ರಕ್ಕೆ ಹೋಗುವುದು ಸಾಮಾನ್ಯ ಸೂತ್ರ. ಗ್ರೊಜಿಸ್ಕ್ಯೆ, ಪಿಲ್ಸ್, ಆಮೇಲೆ ಗೋಧಿ ಬಿಯರ್, ಐಪಿಎ, ಕೊನೆಗೆ ಪೋರ್ಟರ್. ಹುಳಿ ಬಿಯರುಗಳು ಈ ಸಾಲಿಗೆ ಸರಿಯಾಗಿ ಹೊಂದುವುದಿಲ್ಲ. ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯದಿಂದ, ಅಂದರೆ ಮೊಸರಿನ ಹೆಪ್ಪಿನ ಬಳಗದಿಂದ, ಹುಳಿ ಬರಿಸಿ ರಾಸ್ಪ್‌ಬೆರಿ, ಮಾವು, ಪ್ಯಾಶನ್ ಹಣ್ಣಿನ ತಿರುಳು ಸೇರಿಸಿದ ಬಿಯರುಗಳು ಈಗ ಪ್ರತಿ ಬಾರಿನಲ್ಲೂ ಒಂದೆರಡು ನಲ್ಲಿ ಹಿಡಿದಿವೆ. ಐಪಿಎ ಆದ ಮೇಲೆ ಪೋರ್ಟರಿಗೆ ಮೊದಲು ಬಾಯಿ ತೊಳೆಯಲು ಅವು ಒಳ್ಳೆಯವು. ಕೆಲವು ಎಷ್ಟು ದಪ್ಪಗಿರುತ್ತವೆಂದರೆ ಅವನ್ನು ಬಿಯರ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಮೂಗು, ಆಮೇಲೆ ಬಾಯಿ. ಗ್ಲಾಸು ಬಂದ ಕೂಡಲೇ ಮೂಸಿ ನೋಡಬೇಕು, ನೊರೆ ಇಳಿಯುತ್ತ ಹೋದಂತೆ ಹಾಪ್ಸ್‌ನ ಪರಿಮಳವೂ ಹೋಗುತ್ತದೆ. ಗುಟುಕನ್ನು ನುಂಗಿಯೇ ನೋಡಬೇಕು. ದ್ರಾಕ್ಷಿ ಮದ್ಯ ಪರೀಕ್ಷಿಸುವವರು ಉಗುಳುತ್ತಾರೆ, ಬಿಯರಿನಲ್ಲಿ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ರುಚಿಯ ಮುಖ್ಯ ಭಾಗ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಮಾಮೂಲಿ ನೀರು. ನೀರು ಕೇಳಲು ಸಂಕೋಚ ಬೇಡ.

ಕೆಟ್ಟ ಬಿಯರನ್ನು ಗುರುತಿಸಲು ಕಲಿಯುವುದು ಒಳ್ಳೆಯದನ್ನು ಹೊಗಳುವುದಕ್ಕಿಂತ ಉಪಯುಕ್ತ. ಕರಗಿದ ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್: ಹುದುಗುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ, ಇಲ್ಲವೇ ಬಾರಿನವರು ಪೈಪು ತೊಳೆದಿಲ್ಲ. ಬೇಯಿಸಿದ ಮೆಕ್ಕೆಜೋಳದ ವಾಸನೆ ಮಾಲ್ಟಿನ ರಸ ಸರಿಯಾಗಿ ಕುದಿಯದ ಗುರುತು. ಹಸಿ ಸೇಬಿನದು ಬಂದರೆ ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆಯಿದ್ದರೆ ಹಳೆಯದಾಗಿದೆ, ಗಾಳಿ ತಾಗಿದೆ. ಹಸಿರು ಬಾಟಲಿಯ ಬಿಯರನ್ನು ಬಿಸಿಲಿಗಿಟ್ಟಾಗ ಬರುವ ದುರ್ನಾತ ಬೇರೆಯೇ. ಹಾಪ್ಸ್‌ನ ಕಹಿ ಅಂಶ ಬೆಳಕಿನಲ್ಲಿ ಒಡೆದು ಗಂಧಕದ ಸಂಯುಕ್ತವಾಗುವುದರಿಂದ ಅದು ಹುಟ್ಟುತ್ತದೆ. ಕೆಗ್‌ನಿಂದ ಬರುವ ಬಿಯರಿಗೆ ಈ ಕಾಟ ಇರುವುದಿಲ್ಲ, ನಲ್ಲಿಯ ಪರವಾದ ಒಂದು ಗಟ್ಟಿ ವಾದ ಇದು.

ಜೊತೆಗೆ ತಿನ್ನಲು

ಅನೇಕ ಮಲ್ಟಿಟ್ಯಾಪುಗಳಲ್ಲಿ ಅಡುಗೆಮನೆ ಇಲ್ಲ, ಕಡಲೆಕಾಯಿ ಮತ್ತು ಚಿಪ್ಸ್ ಅಷ್ಟೇ. ಇರುವ ಕಡೆ ಹಂದಿ ಕೊಬ್ಬನ್ನು ಈರುಳ್ಳಿಯೊಂದಿಗೆ ಕರಗಿಸಿ ಮಾಡಿದ ‘ಸ್ಮಾಲೆತ್ಸ್’ ಹಚ್ಚಿದ ರೊಟ್ಟಿ, ಉಪ್ಪುನೀರಿನಲ್ಲಿ ಹುಳಿಯಾದ ಸೌತೆಕಾಯಿ, ಕಿಯೆಲ್ಬಾಸಾ ಸಾಸೇಜು ಸಿಗುತ್ತವೆ. ಮಾಂಸ ತಿನ್ನದವರಿಗೆ ಆಲೂಗಡ್ಡೆ ಮತ್ತು ಗಿಣ್ಣಿನ ಹೂರಣದ ‘ಪ್ಯೆರೋಗಿ ರುಸ್ಕ್ಯೆ’ ಉಂಟು. ಮೇಲೆ ಹಂದಿ ಮಾಂಸದ ಚೂರು ಉದುರಿಸುವ ರೂಢಿ ಇರುವುದರಿಂದ ಮೊದಲೇ ಬೇಡ ಎನ್ನಬೇಕು. ತಾತ್ರಾ ಬೆಟ್ಟದ ಕುರಿಹಾಲಿನ ಹೊಗೆ ಗಿಣ್ಣು ‘ಓಸ್ತ್ಸಿಪೆಕ್’ ಗ್ರೊಜಿಸ್ಕ್ಯೆಗೆ ಹೇಳಿ ಮಾಡಿಸಿದ್ದು.

ಎಲ್ಲಿಗೆ ಹೋಗುವುದು

ವಾರ್ಸಾದ ನೊವೊಗ್ರೊಜ್ಕಾ ಬೀದಿಯ ಸುತ್ತ ಕ್ರಾಫ್ಟ್ ಬಾರುಗಳ ಗುಂಪೇ ಬೆಳೆದಿದೆ, ‘ಕುಫ್ಲೆ ಇ ಕಪ್ಸ್ಲೆ’ ಅವುಗಳಲ್ಲಿ ಹಳೆಯದು. ‘ತ್ಸುದಾ ನಾ ಕಿಯು’ ಇರುವ ಕಟ್ಟಡಕ್ಕೆ ಬೇರೆಯೇ ಚರಿತ್ರೆ ಇದೆ: ಕಮ್ಯುನಿಸ್ಟ್ ಪಕ್ಷದ ಕೇಂದ್ರ ಕಚೇರಿಯಾಗಿದ್ದ ಕಲ್ಲಿನ ಸೌಧ ಅದು. ಪಕ್ಷ ಹೋದ ಮೇಲೆ 1991ರಿಂದ 2000ದವರೆಗೆ ಅಲ್ಲೇ ವಾರ್ಸಾದ ಷೇರುಪೇಟೆ ನಡೆಯಿತು. ಅದರ ಅಂಗಳದಲ್ಲಿ ಕುಳಿತು ಐಪಿಎ ಕುಡಿಯುವವರಿಗೆ ಇತಿಹಾಸದ ಪಾಠ ಬೇರೆ ಬೇಕಿಲ್ಲ. ಕ್ರಾಕೋವ್‌ನ ಹಳೆಯ ಪೇಟೆಯಲ್ಲಿ ‘ಹೌಸ್ ಆಫ್ ಬಿಯರ್’, ಪೊಜ್ನಾನ್‌ನಲ್ಲಿ ‘ಮಿನಿಸ್ತೆರ್ಸ್ತ್ವೊ ಬ್ರೊವಾರು’ ಹೆಸರಾದವು. ಪೇಟೆ ಚೌಕದ ದೊಡ್ಡ ಛತ್ರಿಗಳ ಕೆಳಗೆ ಕೂತರೆ ಸಾಮಾನ್ಯವಾಗಿ ಸಿಗುವುದು ಕಂಪನಿ ಲಾಗರ್ ಮತ್ತು ಪ್ರವಾಸಿಗಳ ಬೆಲೆ. ಎರಡು ಬೀದಿ ಒಳಗೆ ನಡೆಯುವುದು ಲಾಭ.

ಐಟಿ ಕೆಲಸಕ್ಕೂ ಓದಿಗೂ ಪೋಲೆಂಡಿಗೆ ಹೋಗುವ ಕನ್ನಡಿಗರಿಗೆ ಕಾನೂನಿನ ನಾಲ್ಕು ಮಾತು ಗೊತ್ತಿರಬೇಕು. ಕುಡಿಯುವ ವಯಸ್ಸು 18. ರಸ್ತೆ, ಉದ್ಯಾನದಂಥ ಸಾರ್ವಜನಿಕ ಜಾಗಗಳಲ್ಲಿ ಬಾಟಲಿ ತೆರೆದರೆ ಪೊಲೀಸರು ದಂಡ ಹಾಕುತ್ತಾರೆ, 1982ರ ಕಾಯ್ದೆ ಅದು. ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯ ಸಾವಿರಕ್ಕೆ 0.2 ಮುಟ್ಟಿದರೆ ತಪ್ಪು, 0.5 ದಾಟಿದರೆ ಕ್ರಿಮಿನಲ್ ಅಪರಾಧ. ಭಾರತದ ಮಿತಿ 0.3 ಎಂಬುದನ್ನು ನೆನಪಿಟ್ಟವರು ಅಲ್ಲಿ ಮೋಸ ಹೋಗುತ್ತಾರೆ; ಒಂದು ಪೋರ್ಟರ್ ಕುಡಿದರೂ ಟ್ರಾಮ್ ಹಿಡಿಯುವುದೇ ಸರಿ. ಕ್ರಾಕೋವ್‌ನಲ್ಲಿ 2023ರ ಜುಲೈನಿಂದ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗೆ ಅಂಗಡಿಗಳು ಮದ್ಯ ಮಾರುವಂತಿಲ್ಲ, ಬಾರುಗಳಿಗೆ ಆ ನಿಷೇಧ ಇಲ್ಲ.

ಈಗಿನ ಸ್ಥಿತಿ

ಕೊರೊನಾ ಕಾಲದ ಲಾಕ್‌ಡೌನ್, ಅದರ ಬೆನ್ನಿಗೇ ಬಂದ ಇಂಧನ ಮತ್ತು ಮಾಲ್ಟಿನ ಬೆಲೆ ಏರಿಕೆ ಹಲವು ಸಣ್ಣ ಬ್ರೂವರಿಗಳನ್ನೂ ಬಾರುಗಳನ್ನೂ ಮುಳುಗಿಸಿದವು. ಒಟ್ಟಾರೆ ಬಿಯರ್ ಬಳಕೆಯೂ ಪೋಲೆಂಡಿನಲ್ಲಿ ಇಳಿಯುತ್ತಿದೆ. ಬೆಳೆಯುತ್ತಿರುವುದು ಮದ್ಯವಿಲ್ಲದ ಬಿಯರು. ಕ್ರಾಫ್ಟ್ ಬ್ರೂವರಿಗಳೂ ಆ ಕಡೆ ಹೊರಳಿ ಸೊನ್ನೆ ಮದ್ಯದ ಐಪಿಎ, ಹುಳಿ ಬಿಯರುಗಳನ್ನು ಮಾಡುತ್ತಿವೆ, ಮಲ್ಟಿಟ್ಯಾಪಿನ ಸಾಲಿನಲ್ಲಿ ಈಗ ಅದಕ್ಕೂ ಒಂದು ನಲ್ಲಿ ಇರುತ್ತದೆ. ಹಾಪ್ಸ್‌ನ ದಾಳಿಯಿಂದ ಶುರು ಮಾಡಿದ ಪಿಂತಾ 2019ರ ಹೊತ್ತಿಗೆ ಝಿವ್ಯೆತ್ಸ್ ಹತ್ತಿರದ ವ್ಯೆಪ್ಷ್ ಹಳ್ಳಿಯಲ್ಲಿ ಸ್ವಂತ ಬ್ರೂವರಿ ಕಟ್ಟಿಕೊಂಡಿತು. ಅತಾಕ್ ಹ್ಮ್ಯೆಲು ಈಗಲೂ ತಯಾರಾಗುತ್ತದೆ. ಅಂದು ಬೆಚ್ಚಿಬೀಳಿಸಿದ ಅದರ ಕಹಿಯನ್ನು ಇಂದಿನ ಹುಡುಗರು ಸೌಮ್ಯ ಎನ್ನುತ್ತಾರೆ.